ಅಂಗಡಿಗೆ ಹೊರಟ ಅತ್ತಿಗೆ

ಜೂನ್ 3, ಬೆಳಿಗ್ಗೆ 9

ಎರಡೂ ಡ್ರೈಯರ್ ಓಡುತ್ತಿವೆ. ಹೋಟೆಲಿನ ವ್ಯಾನು ಬಂದು ಹೋಯಿತು. ಬೆಡ್‌ಶೀಟು ಅರ್ಧಕ್ಕರ್ಧ ಕಡಿಮೆ. ಮೇಲಿನ ಎರಡು ಮಹಡಿಗೆ ಬೀಗವಂತೆ. "ಫ್ಯಾಕ್ಟರಿಗಳೇ ಮುಚ್ಚಿದ್ಮೇಲೆ ಊರಿಗೆ ಬರೋರು ಯಾರು ಸಾರ್?" ಅಂದ ಡ್ರೈವರ್.

ಆದರೂ ಕಲೆ ಮೇಡಂ ಬಿಟ್ಟಿಲ್ಲ. ಹೋಟೆಲಿನ ಬಟ್ಟೆಗಳ ಉಸ್ತುವಾರಿ ಆಕೆಯದು. ನಮ್ಮ ಲಾಂಡ್ರಿಯಲ್ಲಿ ಆಕೆಗೆ ಇದೇ ಹೆಸರು. ನಿನ್ನೆಯ ಎರಡು ಶೀಟು ವಾಪಸ್ — ಕಲೆ ಇದೆಯಂತೆ. ಬೆಳಕಿಗೆ ಹಿಡಿದು ನೋಡಿದೆ. ನನಗಂತೂ ಕಾಣಲಿಲ್ಲ. ಇಸ್ತ್ರಿ ಮೇಜಿನಿಂದ ಅತ್ತಿಗೆ, "ಆಯಮ್ಮನ ಕಣ್ಣಲ್ಲಿ ದುರ್ಬೀನು ಕೂತಿದೆ ಕಣಪ್ಪಾ. ತಾ ಇಲ್ಲಿ, ಇನ್ನೊಂದ್ಸಲ ಒಗೆದ್ರಾಯ್ತು."

ಜೂನ್ 11

ವ್ಯಾನು ಬರಲಿಲ್ಲ. ಫೋನು ಎತ್ತುವವರಿಲ್ಲ. ಮಧ್ಯಾಹ್ನ ನಾನೇ ಹೋದೆ. ಗೇಟಿಗೆ ಸರಪಳಿ. ಒಳಗೆ ಕಾವಲಿನವನು ಒಬ್ಬನೇ, ಗಿಡಗಳಿಗೆ ನೀರು ಹಾಕುತ್ತಿದ್ದ.

ಒಗೆದು ಮಡಚಿಟ್ಟ ಅರವತ್ತು ಶೀಟು ನಮ್ಮಲ್ಲೇ ಉಳಿದವು. ಯಾರಿಗೆ ಕೊಡಲಿ?

ಜೂನ್ 14

ವರ್ತಕರ ಸಂಘದಲ್ಲಿ ಭಾಷಣ. ಕಷ್ಟಕಾಲದಲ್ಲಿ ಸಣ್ಣ ವ್ಯಾಪಾರ ಗಟ್ಟಿಯಾಗಿ ನಿಲ್ಲುವುದು ಹೇಗೆ ಅಂತ. ಹೊಸ ಗಿರಾಕಿ ಹುಡುಕಿ, ಖರ್ಚು ತಗ್ಗಿಸಿ, ಧೈರ್ಯ ಬಿಡಬೇಡಿ. ಸೈಕಲ್ ಅಂಗಡಿಯವನು ಎದ್ದು ನಿಂತ — "ಗಿರಾಕಿಗಳ ಹತ್ರಾನೇ ಏನೂ ಇಲ್ದಿದ್ರೆ?"

"ಒಳ್ಳೆಯ ಪ್ರಶ್ನೆ," ಅಂದು ಭಾಷಣಕಾರ ಮುಂದಿನ ಸ್ಲೈಡಿಗೆ ಹೋದ. ಅವನ ಕೋಟಿನ ಮೇಲೆ ಹೊಳಪು ಬಿದ್ದಿತ್ತು. ಮೇಲೊಂದು ಬಟ್ಟೆ ಹಾಸದೆ ಕಾದ ಇಸ್ತ್ರಿ ಪೆಟ್ಟಿಗೆ ಒತ್ತಿದ್ದಾರೆ. ಭಾಷಣ ಪೂರ್ತಿ ಅದನ್ನೇ ನೋಡುತ್ತಿದ್ದೆ.

ಜೂನ್ 16

ಇವಳದು, ನನ್ನ ಹೆಂಡತಿಯದು, ಒಂದು ಉಪಾಯ. ಮನೆಮನೆಗೆ ಹೋಗಿ ಬಟ್ಟೆ ತರುವುದು. "ನಾಚಿಕೆ ಬಿಟ್ಟು ಬೆಲ್ ಒತ್ತಿ. ನಿಮ್ಮನ್ನೇನೂ ಕಚ್ಚಿ ತಿನ್ನಲ್ಲ," ಅಂದಳು. ಮೂವತ್ತೊಂದು ಬಾಗಿಲು ತಟ್ಟಿದೆ. ನಾಲ್ಕು ಮನೆ ಸಿಕ್ಕಿದವು.

ಜೂನ್ 29

ಪರವಾಗಿಲ್ಲ. ಕೈತುಂಬ ಅಲ್ಲದಿದ್ದರೂ ಕೆಲಸ ಇದೆ. ಹೆಚ್ಚಿನದು ಇಂಟರ್‌ವ್ಯೂ ಶರ್ಟುಗಳು. ಎಲ್ಲರದೂ ಒಂದೇ ಮಾತು — ನಾಳೆ ಬೆಳಿಗ್ಗೆ ಏಳಕ್ಕೆ ಬೇಕು. ಅತ್ತಿಗೆ ಕಾಲರು ನೋಡಿಯೇ ಯಾರದೆಂದು ಹೇಳುತ್ತಾರೆ. "ಈ ನೀಲಿ ಗೆರೆಯೋನು ನಾಲ್ಕನೇ ಸಲ ಬಂದ. ಪಾಪ, ಇನ್ನೂ ಸಿಕ್ಕಿಲ್ಲ." ಅವನ ತೋಳಿನ ಮಡಿಕೆಗೆ ಒಂದು ಒತ್ತು ಜಾಸ್ತಿಯೇ ಕೊಟ್ಟರು.

ಜುಲೈ 24

ಬರೆಯದೆ ತಿಂಗಳಾಗುತ್ತಾ ಬಂತು. ಬರೆಯಲು ಇದ್ದದ್ದಾದರೂ ಏನು? ನೊಣ ಹೊಡೆಯುತ್ತಾ ಕೂತಿದ್ದೆವು. ನೀಲಿ ಗೆರೆ ಬರುವುದು ನಿಂತಿದೆ. ಕೆಲಸ ಸಿಕ್ಕಿರಬೇಕು ಅಂದೆ. ಅತ್ತಿಗೆ ಇಲ್ಲವೆಂದು ತಲೆಯಾಡಿಸಿದರು. "ಮನೇಲೇ ಒಗೆಯೋಕೆ ಶುರು ಮಾಡಿರ್ತಾನೆ."

ಆಗಸ್ಟ್ 2

ದೊಡ್ಡ ಡ್ರೈಯರ್ ಮಾರಿಹೋಯಿತು. ಬಾಗಿಲಲ್ಲಿ ತೂರಲಿಲ್ಲ. ಚೌಕಟ್ಟು ಕಿತ್ತು ಸಾಗಿಸಿದರು. ಅದಿದ್ದ ಕಡೆ ನೆಲ ಹೊಸದರ ಹಾಗಿದೆ. ಇವಳು ಅಲ್ಲಿಗೆ ಬಂದಾಗಲೆಲ್ಲ ಸುತ್ತಿಕೊಂಡು ಹೋಗುತ್ತಾಳೆ, ಯಂತ್ರ ಇನ್ನೂ ಅಲ್ಲೇ ಇದ್ದ ಹಾಗೆ.

ಆಗಸ್ಟ್ 9

ಇವಳೇ ಬಾಯಿಬಿಟ್ಟಳು. "ಇರೋದು ಒಬ್ಬರ ಕೆಲಸ ರೀ. ನಾವು ಮೂರು ಜನ. ಅಕ್ಕಂಗೆ ನೀವೇ ಹೇಳ್ಬೇಕು."

ಅಣ್ಣ, ನಾನು ಸೇರಿ ತೆರೆದ ಅಂಗಡಿ. ಅಣ್ಣ ತೀರಿಕೊಂಡ ಹದಿನೈದನೇ ದಿನಕ್ಕೆ ಅತ್ತಿಗೆ ಬಂದು ಅವನ ಇಸ್ತ್ರಿ ಮೇಜಿನ ಹಿಂದೆ ನಿಂತರು. ಹದಿನೆಂಟು ವರ್ಷ. ಈಗ ಮಗಳು ಅಳಿಯನ ಎರಡು ಕೋಣೆಯ ಮನೆಯಲ್ಲಿದ್ದಾರೆ.

ಹೇಳಲೆಂದೇ ಹೋದೆ. ಗಂಜಿ ಪುಡಿ ಖಾಲಿಯಾಗಿದೆಯೇ ಅಂತ ಕೇಳಿ ವಾಪಸ್ ಬಂದೆ.

ಆಗಸ್ಟ್ 10

ಹೇಳಲಿಲ್ಲ.

ಆಗಸ್ಟ್ 13

ಹೇಳಿದೆ. ಅತ್ತಿಗೆ ಕೈಯಲ್ಲಿದ್ದ ತೋಳು ಮುಗಿಸಿದರು. ಶರ್ಟು ತಿರುಗಿಸಿದರು. ಇನ್ನೊಂದು ತೋಳೂ ಮುಗಿಸಿದರು.

"ಎಷ್ಟು ದಿನದಿಂದ ಬಾಯಲ್ಲಿಟ್ಕೊಂಡಿದ್ದೆ?"

"ನಾಲ್ಕು ದಿನ ಅತ್ತಿಗೆ."

"ಅದಕ್ಕೇ ಊಟ ಸೇರ್ತಿರ್ಲಿಲ್ಲ ನಿಂಗೆ."

ಆಮೇಲೆ, "ಮಗಳಿಗೆ ನಾನೇ ಹೇಳ್ತೀನಿ. ನೀನು ಬಾಯಿ ಹಾಕ್ಬೇಡ."

ಆಗಸ್ಟ್ 14

ಎಂಟಕ್ಕೆ ಸರಿಯಾಗಿ ಬಂದರು! ಎಂದಿನಂತೆ ಏಪ್ರನ್ ಕಟ್ಟಿಕೊಂಡರು. "ಸುಮ್ನೆ ಬಂದೆ. ಮನೇಲಿ ಕೈ ಸುಮ್ನಿರಲ್ಲ." ಇವಳು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಹೋಟೆಲಿನ ಶೀಟುಗಳನ್ನು ಬಿಚ್ಚಿ ಮತ್ತೆ ಇಸ್ತ್ರಿ ಹಾಕಿದರು. ಮತ್ತೆ ಮಡಚಿದರು.

ಆಗಸ್ಟ್ 22, ಸಂಜೆ

ಕಲೆ ಮೇಡಂ ಬಂದಿದ್ದರು. ಬಟ್ಟೆ ತಂದಿರಲಿಲ್ಲ. ಮಡಚಿಟ್ಟ ಶೀಟಿನ ಅಂಚು ಹಿಡಿದು ನೋಡಿದರು. ಕಲೆಯ ಮಾತೆತ್ತಲಿಲ್ಲ.

"ಏನಾದ್ರೂ ಕೆಲಸ ಇದ್ಯಾ? ಮಡಚೋದು, ಗುರುತು ಹಾಕೋದು... ಯಾವುದಾದ್ರೂ ಸರಿ."

ಇಲ್ಲ ಮೇಡಂ ಅಂದೆ. ಆಕೆಯ ಕಣ್ಣು ಅತ್ತಿಗೆಯತ್ತ ಹೋಯಿತು. ಇವರಿಗೆ ಇದೆಯಲ್ಲ, ನನಗೇಕಿಲ್ಲ ಅನ್ನುವ ನೋಟ. ಅತ್ತಿಗೆ ಸ್ಟೂಲು ಎಳೆದು ಕೂರಿಸಿದರು. ಟೀ ಕೊಟ್ಟರು. ಆಕೆ ಅರ್ಧ ಕುಡಿದು ಎದ್ದರು.

ಅತ್ತಿಗೆ ಏಪ್ರನ್ ಬಿಚ್ಚಿದರು. "ನಾನು ನಿಂತಿರೋದು ನೋಡಿ ಇಲ್ಲಿ ಕೆಲಸ ಇದೆ ಅಂದ್ಕೊಂಡ್ಳು ಆಯಮ್ಮ. ಸುಳ್ಳು ನಿಂತಂಗೆ ನಿಂತಿದೀನಿ ನಾನು. ಸಾಕಪ್ಪಾ."

ಆಗಸ್ಟ್ 23

ಬರಲಿಲ್ಲ.

ಸೆಪ್ಟೆಂಬರ್ 17

ನಾನೇ ಇಸ್ತ್ರಿ. ಯಾರದೋ ಕಾಲರು ಸುಟ್ಟೆ. ಅವನು ಜಗಳವಾಡಿದ್ದರೆ ಚೆನ್ನಾಗಿತ್ತು. "ಇದೊಂದೇ ಇತ್ತು," ಅಂದ, ಅಷ್ಟೇ. ಒಯ್ದ.

ಸೆಪ್ಟೆಂಬರ್ 20, ಮಧ್ಯಾಹ್ನ

ಅತ್ತಿಗೆಯ ಮಗಳು ಬಂದಳು. ಕೈಯಲ್ಲಿ ಊಟದ ಡಬ್ಬಿ.

"ಚಿಕ್ಕಪ್ಪ, ಅಮ್ಮ ಎಲ್ಲಿ? ಡಬ್ಬಿ ಮರೆತು ಬಂದಿದಾಳೆ."

ಹಾಗಾದರೆ ಅವಳಿಗೆ ಗೊತ್ತೇ ಇಲ್ಲ. ತಿಂಗಳಿಂದ... ಒಳಗಿನಿಂದ ಇವಳು ಥಟ್ಟನೆ, "ಬಟ್ಟೆ ಕೊಡೋಕೆ ಹೋಗಿದಾರಮ್ಮ, ಈಗ್ಲೇ ಬರ್ತಾರೆ. ಕೊಡು ಇಲ್ಲಿ."

"ವಯಸ್ಸಾಯ್ತು, ಜಾಸ್ತಿ ನಿಲ್ಲಿಸ್ಬೇಡಿ ಚಿಕ್ಕಪ್ಪ," ಅಂದು ಹೋದಳು.

ಅದೇ ದಿನ, ಸಂಜೆ

ಡಬ್ಬಿ ಹಿಡಿದು ಊರೆಲ್ಲ ಅಲೆದೆ. ಕೊನೆಗೆ ರೈಲು ನಿಲ್ದಾಣದಲ್ಲಿ ಸಿಕ್ಕರು. ಹೆಂಗಸರ ವೆಯ್ಟಿಂಗ್ ರೂಮು, ಬಾಗಿಲ ಪಕ್ಕದ ಬೆಂಚು. ಬ್ಯಾಗು ತೊಡೆಯ ಮೇಲೆ, ಯಾವುದೋ ರೈಲಿಗೆ ಕಾದವರ ಹಾಗೆ.

"ಅವಳಿಗೆ ಹೇಳಿದ್ಯಾ?"

"ಇಲ್ಲ."

"ಅಳಿಯಂಗೂ ಈಗ ಅರ್ಧ ದಿನ ಕೆಲಸ. ಕೂತು ತಿನ್ನೋ ಇನ್ನೊಂದು ಬಾಯಿ ಅನ್ನಿಸ್ಕೋಬಾರ್ದು. ಬೆಳಿಗ್ಗೆ ಅಂಗಡಿಗೆ ಹೋಗ್ಬರ್ತೀನಿ ಅಂದ್ರೆ ಮೊಮ್ಮಗಳು ಬಾಗಿಲ ತನಕ ಬರ್ತಾಳೆ. ಅಷ್ಟು ಸಾಕು ನಂಗೆ."

"ಬನ್ನಿ, ಅಂಗಡೀಲೇ ಕೂತ್ಕೊಳಿ. ಈ ಜನರ ಮಧ್ಯೆ ಯಾಕೆ?"

"ಅಲ್ಲಿ ಕೂತ್ರೆ ನೀನು ದಿನಾ ನನ್ನ ಮುಖ ನೋಡ್ಬೇಕಾಗತ್ತೆ. ಇಲ್ಲಿ ಯಾರೂ ನೋಡಲ್ಲ."

ಡಬ್ಬಿ ಬಿಚ್ಚಿದರು. ಅರ್ಧ ನನ್ನತ್ತ ಸರಿಸಿದರು. ತಿಂದೆ. ಎರಡು ರೈಲು ಹೋದವು.

ಸೆಪ್ಟೆಂಬರ್ 30, ಬೆಳಿಗ್ಗೆ

ನಾವು ಸೋತೆವು. ಇವತ್ತು ಅಂಗಡಿ ಖಾಲಿ ಮಾಡಬೇಕು. ಇಸ್ತ್ರಿ ಮೇಜು ಒಯ್ಯಲು ಹತ್ತಕ್ಕೆ ಬರುತ್ತಾರೆ. ಬೋರ್ಡು ಇಳಿಸಿದ್ದಾಯಿತು. ಇವಳು ಕಣ್ಣೀರು ಹಾಕದೆ ಗುಡಿಸುತ್ತಿದ್ದಾಳೆ, ಮೂರನೇ ಸಲ.

ಬೋರ್ಡು ಇಲ್ಲದ ಗೋಡೆ ಇನ್ನು ಇಡೀ ಬೀದಿಗೆ ಕಾಣುತ್ತದೆ. ಮಗಳಿಗೂ. ಅತ್ತಿಗೆಗೆ ಇನ್ನೂ ಹೇಳಿಲ್ಲ. ಈಗ ಏಳೂವರೆ ಗಂಟೆ. ಅಲ್ಲಿ ಚಪ್ಪಲಿ ಮೆಟ್ಟಿಕೊಂಡು, ಮೊಮ್ಮಗಳಿಗೆ ಅಂಗಡಿಗೆ ಹೋಗ್ಬರ್ತೀನಿ ಅನ್ನುತ್ತಿರುತ್ತಾರೆ. ನಾಳೆ ಬೆಳಿಗ್ಗೆ ಎಲ್ಲಿಗೆ ಅಂತ ಹೇಳಿ ಹೊರಡುತ್ತಾರೆ?