ಜಿಪ್ಸಿಗೆ ಹದಿನೈದು ದಿನ

ಮೇ 5, ಸೋಮವಾರ. ಬೆಳಿಗ್ಗೆ 11

ದೋಸೆ ಹಿಟ್ಟು ರುಬ್ಬಿ ಆಯಿತು. ನಲ್ಲಿ ನೀರು ಬಂದು ಹೋಯಿತು. ನಾಯಿಯ ಜೊತೆ ಓಡಿ ಬಂದಾಯಿತು. ಇನ್ನೂ ಹನ್ನೊಂದು. ನಾಯಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದೆ… ಮುಂದೇನು ಅಂತ.

ನಿನ್ನೆ ಮೆಲ್ವಿನ್ ಜಿಪ್ಸಿಯನ್ನು ಕಾರಿನಲ್ಲಿ ತಂದು ಬಿಟ್ಟ. ಮಂಗಳೂರಿನವನು, ಸತೀಶ್ ಜೊತೆ ಪಂಪ್ ಕಂಪನಿಯಲ್ಲಿ ಇಂಜಿನಿಯರ್. ಪುಣೆಗೆ ಟ್ರಾನ್ಸ್‌ಫರ್, ಅಲ್ಲಿ ಎಂಟನೇ ಮಹಡಿಯ ಫ್ಲ್ಯಾಟು.

"ಬಾರ್ಡರ್ ಕಾಲೀ, ಅಕ್ಕ. ಕುರಿ ಕಾಯುವ ಜಾತಿ. ದಿನಕ್ಕೆ ಎರಡು ಗಂಟೆ ಓಡ್ಲಿಲ್ಲ ಅಂದ್ರೆ ತಲೆ ಕೆಡ್ತದೆ ಇದಕ್ಕೆ. ಹದಿನೈದು ದಿನ ಇಟ್ಟು ನೋಡಿ. ಹದಿನೆಂಟಕ್ಕೆ ಬರ್ತೇನೆ. ಬೇಕು, ಬೇಡ, ಆಗ ಹೇಳಿ."

ಬೇಡ ಅಂದರೆ? ವೆಳ್ಳಕೋಯಿಲ್ ಹತ್ತಿರ ಯಾರದೋ ತೋಟ. ಕಾವಲಿಗೆ ಬೇಕಂತೆ. ಹಗಲೂ ರಾತ್ರಿ ಚೈನಲ್ಲಿ.

ಮೂವರೂ ಆಗಲೇ ಹೂಂ ಅಂದಾಗಿದೆ. ಗಂಡ ಸತೀಶ್, ಎಂಟು ವರ್ಷದ ಮಗಳು ಧರಣಿ, ಎಪ್ಪತ್ತೊಂದು ವರ್ಷದ ಮಾವ. ಓಡಿಸುವವರು ಯಾರು ಅಂತ ಒಬ್ಬರೂ ಕೇಳಲಿಲ್ಲ. ಸತೀಶ್ ಏಳಕ್ಕೆ ಕೊಯಮತ್ತೂರು ಬಸ್ಸು ಹತ್ತಿದರೆ ಬರುವುದು ರಾತ್ರಿ ಎಂಟಕ್ಕೆ. ಮಾವ ಮಗ್ಗದ ಗುಂಡಿಯಲ್ಲಿ. ಉಳಿದವಳು ಯಾರೋ!

ಮೇ 6, ಮಂಗಳವಾರ

ಬೆಳಿಗ್ಗೆ ಆರೂವರೆಗೆ ತೆಂಗಿನ ತೋಟದ ದಾರಿಯಲ್ಲಿ ಓಟ. ಸಂಜೆ ಐದಕ್ಕೆ ಮತ್ತೆ. ಕೊಳ್ಳೇಗಾಲದಿಂದ ಪೊಳ್ಳಾಚಿ ಹತ್ತಿರದ ಈ ಊರಿಗೆ ಮದುವೆಯಾಗಿ ಬಂದು ಹನ್ನೊಂದು ವರ್ಷ. ಸೊಸೆ ಓಡುವುದನ್ನು ನೇಕಾರರ ಬೀದಿ ಈಗಲೇ ನೋಡುತ್ತಿರುವುದು. ನೋಡಲಿ.

ಮಧ್ಯಾಹ್ನ ಧರಣಿಗೆ ಕನ್ನಡ ಅಕ್ಷರ. ಈ ರಜೆಯಲ್ಲಿ ಕಲಿಸಿಯೇ ತೀರಬೇಕೆಂದು ನನ್ನ ಹಟ. ಕಾಗುಣಿತ ಮುಗಿಯಿತು. ಒತ್ತಕ್ಷರ ಬಂದರೆ ಮುಖ ಸಿಂಡರಿಸುತ್ತಾಳೆ. ಈ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಓದಲು ಯಾರಿಗೂ ಬರುವುದಿಲ್ಲ. ಅಜ್ಜನ ಕಾಲದಿಂದ ತಮಿಳು ಶಾಲೆ. ಅದಕ್ಕೇ ಈ ನೋಟ್‌ಬುಕ್ಕು ಅಡುಗೆಮನೆ ಶೆಲ್ಫಿನ ಮೇಲೇ ಬಿದ್ದಿರುತ್ತದೆ. ಏನು ಬೇಕಾದರೂ ಬರೆಯಬಹುದು.

ಬರೆಯುತ್ತೇನೆ: ನನಗೆ ನಾಯಿ ಕಂಡರೆ ಭಯ. ಎಂಟನೇ ವಯಸ್ಸಿನಲ್ಲಿ ಕಚ್ಚಿಸಿಕೊಂಡು ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್.

ಮೇ 9, ಶುಕ್ರವಾರ

ಮಾವ ನಕ್ಕರು. ಅತ್ತೆ ಹೋದ ಮೇಲೆ ಆ ಸದ್ದು ಕೇಳಿರಲಿಲ್ಲ. ಹೋಗಿ ನೋಡಿದರೆ ಲಾಳಿ ಆ ಕಡೆ ಹೋದಾಗ ಜಿಪ್ಸಿಯೂ ಆ ಕಡೆ, ಈ ಕಡೆ ಬಂದಾಗ ಈ ಕಡೆ.

"ನೋಡಮ್ಮಾ ಶೋಭನಾ, ಏನು ಅರಿವು ಇದಕ್ಕೆ! ಇನ್ನೊಂದ್ ವಾರ ಇದ್ರೆ ಸೀರೆನೇ ನೆಯ್ಯುತ್ತೆ."

ಸಂಜೆ ಬಿ.ಪಿ. ಮಾತ್ರೆ ಎರಡನೇ ಸಲ ತಗೊಳ್ಳಲು ಹೊರಟಿದ್ದರು. ನಾನು ನೋಡಿ ತಡೆದೆ. ಸತೀಶ್‌ಗೆ ಹೇಳಬೇಡ ಅಂದರು. ಮರೆವು ಜಾಸ್ತಿಯಾದರೆ ಮಗ್ಗ ಬಿಡಿಸುತ್ತೇನೆ ಅಂತ ಸತೀಶ್ ಪೊಂಗಲ್‌ನಿಂದ ಹೇಳುತ್ತಿದ್ದಾರೆ. ಹೇಳಲಿಲ್ಲ.

ಮೇ 11, ಭಾನುವಾರ

ಧರಣಿ ಅಂಗಳದಲ್ಲಿ ಓಡಿದಳು. ಜಿಪ್ಸಿ ಸುತ್ತು ಹಾಕಿ ಮೂಲೆಗೆ ಅಟ್ಟಿತು, ಕುರಿಯನ್ನು ಅಟ್ಟುವ ಹಾಗೆ. ಇವಳು ನಿಲ್ಲಲಿಲ್ಲ. ಹಿಮ್ಮಡಿಗೆ ಹಲ್ಲು.

ಸೋಪು ಹಾಕಿ ತೊಳೆದು ಪೊಳ್ಳಾಚಿಗೆ ಓಡಿದೆವು. ಚರ್ಮ ಒಡೆದಿಲ್ಲ, ನಾಯಿಗೆ ಲಸಿಕೆ ಆಗಿದೆ, ಹೆದರಬೇಡಿ ಅಂದರು ಡಾಕ್ಟರು. ಧರಣಿ ದಾರಿಯುದ್ದಕ್ಕೂ ಒಂದೇ ಮಾತು: "ಅದು ಕಚ್ಚಿಲ್ಲಮ್ಮಾ. ಕೂಪಿಟ್ಟಿದ್ದು ಅಷ್ಟೇ." ಕರೆದದ್ದಂತೆ!

ಮೇ 14, ಬುಧವಾರ. ಮಧ್ಯಾಹ್ನ

ಬೆಳಿಗ್ಗೆ ಬಸ್ಸಿಗೆ ಹೊರಟಿದ್ದ ಸತೀಶ್‌ರನ್ನು ನಿಲ್ಲಿಸಿ ಹೇಳಿದೆ. ಈ ಜಾತಿ ನಮ್ಮ ಮನೆಗೆ ಆಗಿಬರುವುದಿಲ್ಲ, ನನ್ನಿಂದ ಆಗುವುದಿಲ್ಲ.

"ನಿಂಗೆ ಬಯ. ಅದಕ್ಕೆ ಕಾರಣ ಹುಡುಕ್ತಾ ಇದೀಯ. ಅಪ್ಪ ಎಷ್ಟು ಸಂತೋಷವಾಗಿದಾರೆ, ನೋಡಿದೀಯಾ?"

ನೋಡಿದ್ದೇನೆ. ಅದೇ ಕಷ್ಟ. ಬೇಡ ಅಂದರೆ ಮಗಳ ಕಣ್ಣಲ್ಲಿ ನೀರು, ಮಾವನ ಮುಖ ಸಪ್ಪೆ, ನಾಯಿ ಚೈನಿಗೆ. ಎಲ್ಲದಕ್ಕೂ ನಾನೇ ಕಾರಣ. ಬೇಕು ಅಂದರೆ ಹತ್ತು ಹನ್ನೆರಡು ವರ್ಷ ಓಟ. ಮೊಣಕಾಲು ಆಗಲೇ ಊದಿದೆ.

ಶುಕ್ರವಾರ ಬೆಳಿಗ್ಗೆ ನಮ್ಮ ಬೀದಿಯ ಕುಪ್ಪಸಾಮಿ ಅಣ್ಣನ ಪಾವು. ನಮ್ಮೂರಲ್ಲಿ ಹಾಸು ಅನ್ನುತ್ತೇವೆ. ಬೀದಿಯುದ್ದಕ್ಕೂ ನೂಲು ಎಳೆದು ಕವೆಗೋಲಿನ ಮೇಲೆ ಹರಡಿ, ಗಂಜಿ ಬಳಿದು, ಬಿಸಿಲೇರುವ ಮೊದಲು ಬ್ರಷ್ಷು ಎಳೆದು ಮುಗಿಸಬೇಕು. ಒಬ್ಬರ ಪಾವಿಗೆ ಬೀದಿಯವರೆಲ್ಲ ಕೈ ಹಾಕುತ್ತಾರೆ. ಆ ದಿನ ಜಿಪ್ಸಿಯನ್ನು ಒಳಗೆ ಕಟ್ಟಬೇಕು ಅಂತ ನಾನೇ ಎಲ್ಲರಿಗೂ ಹೇಳಿದ್ದೇನೆ.

ಮೇ 15, ಗುರುವಾರ. ಬೆಳಿಗ್ಗೆ 6

ಮಾವ ಐದೂವರೆಗೇ ಹೋದರು. ಟೀ ಅಂಗಡಿಗೆ ಇರಬೇಕು. ಗೇಟು ಸರಿಯಾಗಿ ಮುಚ್ಚಿಯೇ ಹೋಗಿದ್ದರು. ಆಮೇಲೆ ನಾನು ಕೋಲ, ಅಂದರೆ ನಮ್ಮೂರ ರಂಗೋಲಿ, ಹಾಕಲು ತೆಗೆದೆ. ನೀರು ಚಿಮುಕಿಸಿ ಕೋಲ ಬಿಡಿಸಿ ಒಳಗೆ ಬಂದೆ.

ಚಿಲಕ ಹಾಕಲಿಲ್ಲ.

ಮರೆತದ್ದಲ್ಲ. ಕೈ ಚಿಲಕದ ಮೇಲೇ ಇತ್ತು. ಜಿಪ್ಸಿ ಅಂಗಳದಲ್ಲಿ, ಕಟ್ಟಿಲ್ಲ. ಹೋಗುವುದಾದರೆ ಹೋಗಲಿ. ತೋಟದ ಕಡೆ ಓಡಲಿ, ಯಾರಾದರೂ ಇಟ್ಟುಕೊಳ್ಳಲಿ. ಬೇಡ ಅನ್ನುವ ಮಾತು ನನ್ನ ಬಾಯಿಂದ ಬರುವುದು ತಪ್ಪುತ್ತದೆ. ಪಾವು ಹೇಗೂ ನಾಳೆ.

ಗೇಟು ಕಿರ್ ಅಂದಿತು. ಹೋಯಿತು.

ದೇವಸ್ಥಾನದ ಕಡೆ ಏನೋ ಕೂಗಾಟ… ಮಾವನ ದನಿ…

ಮೇ 17, ಶನಿವಾರ. ಸಂಜೆ 4

ಎರಡು ದಿನ ಬರೆಯಲಾಗಲಿಲ್ಲ.

ಮೋಡ ನೋಡಿ ಕುಪ್ಪಸಾಮಿ ಅಣ್ಣ ಪಾವನ್ನು ಒಂದು ದಿನ ಮುಂಚೆಯೇ ಹಾಕಿದ್ದರು. ಮಾವ ಹೋಗಿದ್ದು ಅಲ್ಲಿಗೆ. ದೇವಸ್ಥಾನದ ತಿರುವಿನ ಆಚೆ, ನಮ್ಮ ಗೇಟಿಗೆ ಕಾಣದು. ಎಂಟು ಜನ ಬ್ರಷ್ಷು ಹಿಡಿದು ನೂಲಿನ ಉದ್ದಕ್ಕೂ ಹೋಗುತ್ತಾ ಬರುತ್ತಾ ಇದ್ದರೆ ಜಿಪ್ಸಿಗೆ ಇನ್ನೇನು ಕಾಣಬೇಕು? ಎಲ್ಲರನ್ನೂ ಒಂದು ಕಡೆ ಸೇರಿಸಲು ಹೊರಟಿದೆ. ಸುತ್ತು ಹಾಕಿದೆ, ಕೆಳಗೆ ನುಗ್ಗಿದೆ, ಮೇಲೆ ಹಾರಿದೆ. ನಾನು ಓಡಿ ಹೋಗುವಷ್ಟರಲ್ಲಿ ಕವೆಗೋಲುಗಳು ನೆಲದಲ್ಲಿ. ಗಂಜಿ ಮೆತ್ತಿದ ನೂಲು ಮಣ್ಣಿನಲ್ಲಿ, ಅರ್ಧಕ್ಕರ್ಧ ಹರಿದಿತ್ತು.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಆಯ್ತು ಬಿಡಣ್ಣಾ, ಬಾಯಿಲ್ಲದ ಜೀವ," ಅಂದರು ಕುಪ್ಪಸಾಮಿ ಅಣ್ಣ. "ಗೇಟು ತೆರೆದಿಟ್ಟು ಬಂದಿದ್ದು ಯಾರು?"

ಮಾವ ತಮ್ಮ ಕೈ ನೋಡಿಕೊಂಡರು. "ನಾನೇಪ್ಪಾ. ತಾಳ್ಪಾಳ್ ಹಾಕ್ದೆ ಅಂತಲೇ ಗ್ನಾಪಕ. ಹಾಕಿಲ್ಲ ಅಂತ ಕಾಣುತ್ತೆ."

ಜಿಪ್ಸಿ ಬಂದು ನನ್ನ ಕಾಲ ಹತ್ತಿರವೇ ಮಲಗಿತು. ನನ್ನ ಬೆರಳಲ್ಲಿ ಇನ್ನೂ ಕೋಲದ ಪುಡಿ ಇತ್ತು. ಬಾಯಿ ಬಿಡಲಿಲ್ಲ. ಛೀ.

ನಿನ್ನೆ ಇವತ್ತು ಬೀದಿಯ ಹೆಂಗಸರೆಲ್ಲ ಚಾಪೆ ಹಾಕಿ ಕೂತು, ಬೆರಳಿಗೆ ಬೂದಿ ಹಚ್ಚಿಕೊಂಡು, ಹರಿದ ಎಳೆಗೆ ಎಳೆ ಹೊಸೆದು ಕೂಡಿಸಿದೆವು. ಊಟಕ್ಕೂ ಏಳಲಿಲ್ಲ ನಾನು. ಕುಪ್ಪಸಾಮಿ ಅಣ್ಣನ ಹೆಂಡತಿ ಕಣ್ಣಮ್ಮ ಅಕ್ಕ ನನ್ನ ತಲೆ ಸವರಿದರು. "ಮಾವ ಮಾಡಿದ್ ತಪ್ಪಿಗೆ ಸೊಸೆ ಎಷ್ಟು ಪಾಡುಪಡ್ತಾಳೆ ನೋಡಿ." ಎಳೆ ಕಾಣಲಿಲ್ಲ. ಕಣ್ಣು ತುಂಬಿತ್ತು.

ಸತೀಶ್ ತೀರ್ಮಾನ ಮಾಡಿಬಿಟ್ಟಿದ್ದಾರೆ. ನಾಯಿ ವೆಳ್ಳಕೋಯಿಲ್‌ಗೆ. ಮಗ್ಗ ಬಿಚ್ಚಲು ಸೋಮವಾರ ಆಳು. "ಇವತ್ತು ಗೇಟು ಮರೆತ್ರು. ನಾಳೆ ಗ್ಯಾಸ್ ಮರೆತ್ರೆ?" ಮಾವ ಗಂಟೆಗೊಮ್ಮೆ ಗೇಟಿಗೆ ಹೋಗಿ ಬರುತ್ತಾರೆ. "ಶೋಭನಾ, ತಾಳ್ಪಾಳ್ ಹಾಕಿದೀನಾ, ಕೊಂಜ ನೋಡಮ್ಮಾ."

ಹಾಕಿರುತ್ತಾರೆ. ಪ್ರತಿ ಸಲವೂ.

ಮೇ 18, ಭಾನುವಾರ. ಬೆಳಿಗ್ಗೆ 10

ಹನ್ನೊಂದಕ್ಕೆ ಮೆಲ್ವಿನ್ ಬರುತ್ತಾನೆ. ಜಿಪ್ಸಿಯ ತಟ್ಟೆ, ಚೆಂಡು ಚೀಲಕ್ಕೆ ಹಾಕಿದೆ. ಮತ್ತೆ ಹೊರಗೆ ತೆಗೆದೆ.

ಅವನಿಗೆ ಫೋನ್ ಮಾಡಿದೆ. ಈ ನಾಯಿ ನಮ್ಮ ಮನೆಗೆ ಆಗದು, ಅದರ ತಪ್ಪಿಲ್ಲ, ಅಷ್ಟು ಓಡುವ ಕಾಲು ನಮಗಿಲ್ಲ ಅಂದೆ. ಆದರೆ ಚೈನಿಗೆ ಕೊಡಬೇಡ. ಓಡಿಸುವವರನ್ನು ಹುಡುಕು, ಸಿಗುವವರೆಗೆ ನಾನು ಓಡಿಸುತ್ತೇನೆ. "ಆಯ್ತು ಅಕ್ಕ," ಅಂದ. ಇಷ್ಟೇ ಮಾತು. ಹದಿಮೂರು ದಿನ ಗಂಟಲಲ್ಲಿಟ್ಟುಕೊಂಡಿದ್ದೆ. ಬುಧವಾರ ಸತೀಶ್ ನನ್ನ ಮಾತು ಕೇಳದಿದ್ದರೇನು, ಇನ್ನೊಮ್ಮೆ, ಮತ್ತೊಮ್ಮೆ ಹೇಳಬಹುದಿತ್ತು.

ಇನ್ನೊಂದು ಮಾತು ಉಳಿದಿದೆ. ಮಾವ ಮಗ್ಗದ ಗುಂಡಿಯಲ್ಲಿ ಸುಮ್ಮನೆ ಕೂತಿದ್ದಾರೆ. ಕಾಲು ಆಡುತ್ತಿಲ್ಲ. ಎರಡು ಸಲ ಬಾಗಿಲವರೆಗೆ ಹೋಗಿ ಬಂದೆ. ಹೇಳಿದರೆ ಸತೀಶ್ ಏನನ್ನುತ್ತಾರೋ. ಬೀದಿ ಏನನ್ನುತ್ತದೋ. ತಲೆ ಸವರಿದ ಕಣ್ಣಮ್ಮ ಅಕ್ಕ…

ಧರಣಿ ಬಂದು ಪಕ್ಕದಲ್ಲಿ ಕೂತಳು. ಹಿಂದಿನ ಪುಟ ತಿರುವಿ ಬೆರಳಿಟ್ಟು ಓದುತ್ತಿದ್ದಾಳೆ, ನಾನೇ ಕಲಿಸಿದ ಹಾಗೆ. ಚಿ. ಲ. ಕ. ಹಾ. ಕ. ಲಿ…

"ಚಿಲಕ ಅಂದ್ರೆ ತಾಳ್ಪಾಳ್ ತಾನೇಮ್ಮಾ?"

ಹೂಂ.

"ಯಾರು ಹಾಕ್ಲಿಲ್ಲ? ತಾತನಾ?"

ಜೋರಾಗಿ ಕೇಳಿದಳು. ಮಾವ ಈ ಕಡೆ ತಿರುಗಿದ್ದಾರೆ. ಪೆನ್ನು ಬಿಡದೆ ಬರೆಯುತ್ತಾ ಕೂತಿದ್ದೇನೆ. ಎದ್ದು ಹೋಗಿ ಹೇಳಬೇಕಾದದ್ದು ಇಷ್ಟೇ. ಮಾವಾ, ಅವತ್ತು ಚಿಲಕ ಹಾಕದೆ ಬಿಟ್ಟದ್ದು…