ಅತ್ತೆಯ ಕತ್ತರಿ

೧೧ ನವೆಂಬರ್ ೨೦೨೫, ಮಂಗಳವಾರ

ಅತ್ತೆ ಇವತ್ತು ಬೈಯಬೇಕಿತ್ತು. ಬೈಯಲಿಲ್ಲ.

ದೀಪಾವಳಿಗೆ ಮೊದಲು ಅವರು ಹೆಬ್ಬೆರಳು ಕೊಯ್ದುಕೊಂಡಾಗಿನಿಂದ ಹೊಲಿಗೆಯ ಹರಿತವಾದ ಸಾಮಾನೆಲ್ಲ ತಗಡಿನ ಪೆಟ್ಟಿಗೆಯಲ್ಲಿದೆ. ದೊಡ್ಡ ಕತ್ತರಿಗೆ ಚರ್ಮದ ಚೀಲ, ದಬ್ಬಣದ ತುದಿಗೆ ಬಿರಡೆ, ಸೂಜಿಗಳಿಗೆ ಔಷಧಿಯ ಡಬ್ಬಿ. ಕೀಲಿ ನನ್ನ ಹತ್ತಿರ. ಅವರಿಗೆ ಕಣ್ಣು ಕಾಣುವುದಿಲ್ಲ, ಅದಕ್ಕೇ ಎಂದು ಗಂಡನಿಗೆ ಹೇಳಿದ್ದೇನೆ. ಅದು ಅರ್ಧ ಮಾತ್ರ ಖರೆ. ಮದುವೆಯಾದ ಹೊಸತರಲ್ಲಿ ಆ ಕತ್ತರಿಯಿಂದ ಕಾಗದ ಕತ್ತರಿಸಿದೆನೆಂದು ಅದರ ಹಿಡಿಯಿಂದಲೇ ನನ್ನ ಬೆರಳ ಗೆಣ್ಣಿಗೆ ಹೊಡೆದಿದ್ದರು.

ಮಧ್ಯಾಹ್ನ ಹಿಂದಿನ ಓಣಿಯ ಶಾಂಭವಿ ಜಂಪರಿನ ಬಟ್ಟೆ ತಂದಳು. ನಲವತ್ತು ವರ್ಷ ನಮ್ಮ ಮಾಳಮಡ್ಡಿ ಬಡಾವಣೆಯ ಹೆಂಗಸರಿಗೆಲ್ಲ ಹೊಲಿದ ಅತ್ತೆ ಬಟ್ಟೆ ಸವರಿ, ಮಡಚಿ, ಕೈ ಚಾಚಿದರು.

“ರಜನಿ, ನನ್ನ ಕತ್ತರಿ ಕೊಡವಾ. ಕಣ್ಣಿಗೆ ಕಾಣದಿದ್ರೂ ಕೈಗೆ ಗೊತ್ತೈತಿ.”

ಮಗಳು ಸಾಲೆಗೆ ಒಯ್ಯುವ ಪ್ಲಾಸ್ಟಿಕ್ ಕತ್ತರಿ ಕೊಟ್ಟೆ. “ತಗೋರಿ ಅತ್ತಿಯಾರ. ಇದರಿಂದ ಕೈ ಕೊಯ್ಯಂಗಿಲ್ಲ.”

ಶಾಂಭವಿ ನಕ್ಕಳು. ನಾನೂ ನಕ್ಕೆ. ಅತ್ತೆ ಅಲಗನ್ನು ಮುಟ್ಟಿ ನೋಡಿದರು. ಆದರೂ ಬಟ್ಟೆಯ ಅಂಚಿಗಿಟ್ಟು ಒತ್ತಿದರು. ಬಟ್ಟೆ ಮಡಚಿಕೊಂಡಿತು, ತುಂಡಾಗಲಿಲ್ಲ. ಇನ್ನೊಮ್ಮೆ ಒತ್ತಿದರು. ಆಮೇಲೆ ಬಟ್ಟೆಯನ್ನು ಶಾಂಭವಿಯ ಕೈಗಿಟ್ಟರು.

“ಬ್ಯಾರೆ ಕಡಿ ಹೊಲಿಸ್ಕೋವಾ. ನಾ ಇನ್ನ ಹೊಲಿಯಂಗಿಲ್ಲ.”

ಆ ಏಟು ಬಿದ್ದಾಗಿನಿಂದ, ಇಪ್ಪತ್ತು ವರ್ಷ, ಇದಕ್ಕೇ ಕಾದಿದ್ದೆ. ಅವರು ಬೈದರೆ ಕೊಡಲು ಉತ್ತರವೂ ಸಿದ್ಧವಿತ್ತು.

ಸಂಜೆ ನಾನು ರೊಟ್ಟಿ ಬಡಿಸುವಾಗ ಅತ್ತೆ ಮೆಲ್ಲಗೆ ಅಂದರು: “ಪೆಟಗ್ಯಾಗಿನ ಕತ್ತರಿಗಿ ತಿಂಗಳಿಗೊಮ್ಮೆ ಎಣ್ಣಿ ಹಚ್ಚು. ಇಲ್ಲಂದ್ರ ತುಕ್ಕ ಹಿಡಿತೈತಿ.”

ಹೂಂ ಎಂದೆ.

ಹಚ್ಚುವುದಿಲ್ಲ.