ಅಳತೆಗೆ ಇಟ್ಟ ರಕ್ತ

ಮಾರ್ಚ್ 4, ಬೆಳಿಗ್ಗೆ 8.10

ಲ್ಯಾಬಿಗೆ ಬಂದು ಎಂದಿನಂತೆ ಬೆರಳು ಚುಚ್ಚಿಕೊಂಡೆ. ಒಂದು ಹನಿ, ಒಂದು ಗಾಜಿನ ಸ್ಲೈಡ್. ಬಣ್ಣ ಹಾಕಿ, ಒಣಗಿಸಿ, ಸೂಕ್ಷ್ಮದರ್ಶಕದ ಕ್ಯಾಮೆರಾದ ಕೆಳಗೆ. ನನ್ನ ಕೆಂಪು ಕಣಗಳ ಸರಾಸರಿ ಗಾತ್ರವೇ ಆ ದಿನದ 1.00. ರೋಗಿಗಳದನ್ನು ಕಂಪ್ಯೂಟರ್ ಅದಕ್ಕೆ ಹೋಲಿಸಿ ಅಳೆಯುತ್ತದೆ. ಬಣ್ಣ ದಿನಕ್ಕೊಂದು ರೀತಿ ಕೂರುವುದರಿಂದ ಈ ಉಪಾಯ. ನನ್ನದೇ. ಎರಡು ವರ್ಷವಾಯಿತು.

ಇಂದು ಹತ್ತೊಂಬತ್ತು ರೋಗಿಗಳು. ಹದಿನಾರು ಜನರ ಕಣಗಳು ಚಿಕ್ಕವು. ಆಕಸ್ಮಿಕ?

ಮಾರ್ಚ್ 11

ಇಪ್ಪತ್ತೆರಡಕ್ಕೆ ಇಪ್ಪತ್ತೆರಡೂ ಚಿಕ್ಕವು. ಮೂರು ದಿನದ ಹಸುಗೂಸಿನದೂ — ಕೂಸುಗಳದು ದೊಡ್ಡದಿರಬೇಕು. ಲೆನ್ಸ್ ಒರೆಸಿದೆ. ಹೊಸ ಬಣ್ಣದ ಬಾಟಲಿ ತೆರೆದೆ. ಮತ್ತೆ ಅದೇ.

ಡಾಕ್ಟರಿಗೆ ಹೇಳಿದೆ. ಊರಿಗೆ ಊರೇ ಕುಗ್ಗುತ್ತಿರಬೇಕು, ನೀವೊಬ್ಬರೇ ಗಟ್ಟಿ ಎಂದು ನಕ್ಕರು. ನನಗೆ ನಗು ಬರಲಿಲ್ಲ. ಈ ರಿಪೋರ್ಟ್ ನಂಬಿ ಯಾರಿಗೋ ಬೇಡದ ಕಬ್ಬಿಣಾಂಶದ ಮಾತ್ರೆ ಶುರುವಾಗಿರುತ್ತದೆ. ಸಹಿ ನನ್ನದು.

ಮಾರ್ಚ್ 12

ಪಕ್ಕದ ಕೋಣೆಯ ಹಳೆಯ ಯಂತ್ರ ಅದೇ ರಕ್ತವನ್ನು ಸರಿಯಾಗಿದೆ ಎನ್ನುತ್ತದೆ. ಕಾರಣ ತಿಳಿಯುವವರೆಗೆ ಸಹಿ ಹಾಕುವುದಿಲ್ಲ.

ಮಾರ್ಚ್ 19

ತಂಗಿಯ ಬೆರಳನ್ನೂ ಚುಚ್ಚಿದ್ದೆ. 0.83. ಊಟಕ್ಕೆ ಕೂತಾಗ ಹೇಳಿದೆ. ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ.

“ಊರೋರೆಲ್ಲ ಒಟ್ಟಿಗೆ ಸಣ್ಣಗಾಗ್ತಾರೇನಕ್ಕ? ನಮ್ಮನೆ ಮೆಟ್ಟಿಲು ಹತ್ತೋಕೆ ನಾಲ್ಕು ಸಲ ಕೂತ್ಕೊಳ್ಳೋಳು ನೀನು.”

ಎರಡು ಸಲ, ಎಂದೆ.

ಮಾರ್ಚ್ 27, ಮಧ್ಯಾಹ್ನ

ಏಳು ದಿನ ಬರೆಯಲಿಲ್ಲ. ಲೆನ್ಸ್, ಬಣ್ಣ, ದೀಪ — ಎಲ್ಲವನ್ನೂ ಶಂಕಿಸಿದ್ದೆ, ಒಂದನ್ನು ಬಿಟ್ಟು. ಹೆದರಿಕೆಯೇ? ಅಹಂಕಾರವೇ?

ಇಂದು ಹಳೆಯ ಸ್ಲೈಡ್‌ಗಳ ಪೆಟ್ಟಿಗೆಯಿಂದ ನನ್ನ ಮೊದಲ ದಿನದ ಸ್ಲೈಡ್ ತೆಗೆದು ಅದನ್ನು 1.00 ಮಾಡಿದೆ. ಇವತ್ತಿನ ನನ್ನ ರಕ್ತವನ್ನು ರೋಗಿಯ ಜಾಗದಲ್ಲಿಟ್ಟೆ. ಹೆಸರಿನ ಖಾನೆ ಖಾಲಿ.

1.21.

ಬಣ್ಣದ ವ್ಯತ್ಯಾಸ ಇಷ್ಟೊಂದು ಬರುವುದಿಲ್ಲ. ಪರದೆಯ ತುಂಬ ಊದಿದ, ಮೊಟ್ಟೆಯಾಕಾರದ ಕಣಗಳು. ನಡುನಡುವೆ ಎಳೆಯ ಬಿಳಿ ಕಣಗಳು... ಮೂಳೆಯೊಳಗೇ ಇರಬೇಕಾದವು, ಹೊರಗೆ ಬರಬಾರದವು. ದಿನಾ ಬೆಳಿಗ್ಗೆ ಇವನ್ನು ನೋಡಿದ್ದೇನೆ. ಇಲ್ಲ, ನೋಡಿಲ್ಲ. ನನ್ನದು ನಾರ್ಮಲ್ ಅಲ್ಲವೇ, ನೋಡುವುದೇನು?

ಡಾಕ್ಟರ್ ಬೆನ್ನ ಹಿಂದೆ ಬಂದು ನಿಂತದ್ದು ತಿಳಿಯಲಿಲ್ಲ. ಬಹಳ ಹೊತ್ತು ಪರದೆ ನೋಡಿದರು.

“ಯಾರದಿದು? ಇವತ್ತೇ ಕರೆಸಿ ಅವರನ್ನ.”

ಕರೆಸುತ್ತೇನೆ ಎಂದೆ. ಹೆಸರು ಕೇಳಿದರು. ಖಾಲಿ ಖಾನೆಯಲ್ಲಿ ಕರ್ಸರ್ ಮಿನುಗುತ್ತಿತ್ತು. ನನ್ನ ಹೆಸರಿನ ಮೊದಲ ಅಕ್ಷರ ಒತ್ತಿದೆ.